ಜುವಾರಿ ಕೊಲ್ಲಿಯಲ್ಲಿ ಗಾಳ: ಶರದೃತುವಿನ ಹವ್ಯಾಸಿ ಮೀನುಗಾರರಿಗೆ ಒಂದು ಕೈಪಿಡಿ

ಹಾವೇರಿ, ಗದಗ, ವಿಜಯಪುರದ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದ ನಮ್ಮವರಲ್ಲಿ ಗಾಳ ಹಾಕಲು ಬಾರದವರು ಕಡಿಮೆ. ಊರ ಕೆರೆಯ ಏರಿಯ ಮೇಲೆ ಕುಳಿತು, ಜೋಳದ ದಂಟಿನ ಬೆಂಡನ್ನು ದಾರಕ್ಕೆ ಕಟ್ಟಿ, ಎರೆಹುಳವನ್ನೋ ಹಿಟ್ಟಿನ ಉಂಡೆಯನ್ನೋ ಕೊಕ್ಕೆಗೆ ಸಿಕ್ಕಿಸಿ ಬೆಳಗಿನ ಹೊತ್ತು ಕಳೆದವರೇ ಎಲ್ಲರೂ. ಆ ವಿದ್ಯೆಯನ್ನಷ್ಟೇ ನಂಬಿಕೊಂಡು ವಾಸ್ಕೋದ ಬಾಯ್ನಾ ತೀರಕ್ಕೋ ದೋನಾ ಪಾವ್ಲಾದ ಬಂಡೆಗಳಿಗೋ ಹೋದವರು ಸಾಮಾನ್ಯವಾಗಿ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಇಲ್ಲಿಗೆ ಬಂದ ಮೊದಲ ವರ್ಷ ನಾನೂ ಹಾಗೆಯೇ ಅಕ್ಟೋಬರ್ ತಿಂಗಳ ಭಾನುವಾರಗಳನ್ನೆಲ್ಲ ಕಳೆದೆ. ಕೆರೆಯ ನೀರು ನಿಂತ ನೀರಾದ್ದರಿಂದ ಅಲ್ಲಿ ಮೀನಿನ ಹೊತ್ತೆಂದರೆ ಸೂರ್ಯನ ಹೊತ್ತು. ಜುವಾರಿ ನದಿ ಸಮುದ್ರ ಸೇರುವ ಈ ಕೊಲ್ಲಿಯ ನೀರು ಹಾಗಲ್ಲ. ಅದು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ, ಮೀನು ಆ ಹರಿವಿನ ಜೊತೆಗೇ ಬಂದು ಅದರ ಜೊತೆಗೇ ಹೋಗುತ್ತದೆ. ಈ ಲೇಖನದಲ್ಲಿ ಗಾಳ, ದಾರ, ಎರೆಗಳ ವಿಷಯ ಸಾಕಷ್ಟು ಬರುತ್ತದೆಯಾದರೂ ಮೊದಲು ಕಲಿಯಬೇಕಾದದ್ದು ಭರತ ಮತ್ತು ಇಳಿತದ ಲೆಕ್ಕವನ್ನೇ.

ಈ ಲೆಕ್ಕಕ್ಕೆ ಊರಿನಿಂದ ತಂದು ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರೇ ಸಾಕಾಗುತ್ತದೆ. ಈ ಕೊಲ್ಲಿಯ ದಡದ ಬಂದರಾದ ಮರ್ಮಗೋವಾದಲ್ಲಿ ಹುಣ್ಣಿಮೆ ಮತ್ತು ಅಮಾವಾಸ್ಯೆಯ ದಿನ ತುಂಬುಭರತವು ಹಗಲು ಸುಮಾರು 11 ಗಂಟೆಯ ಆಸುಪಾಸಿನಲ್ಲೂ ರಾತ್ರಿ ಅದೇ ಹೊತ್ತಿನ ಆಸುಪಾಸಿನಲ್ಲೂ ಬರುತ್ತದೆ, ಮತ್ತು ಪ್ರತಿದಿನವೂ ಸುಮಾರು 50 ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ಒಂದು ಭರತಕ್ಕೂ ಅದರ ಮುಂದಿನ ಇಳಿತಕ್ಕೂ ನಡುವೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಅಂತರವಿರುತ್ತದೆ. ಈ ಎರಡು ಸಂಗತಿಗಳಿಂದ ಉಳಿದೆಲ್ಲವನ್ನೂ ಕೂಡಿ ಕಳೆದು ತಿಳಿಯಬಹುದು. ಹುಣ್ಣಿಮೆಗೆ ನಾಲ್ಕು ದಿನ ಮುಂಚಿನ ಏಕಾದಶಿಯಂದು ಭರತವು ಬೆಳಿಗ್ಗೆ ಎಂಟರ ಒಳಹೊರಗೆ ತುಂಬುತ್ತದೆ. ಎಂದರೆ ಸೂರ್ಯ ಹುಟ್ಟುವ ಹೊತ್ತಿಗೆ ನೀರು ದಡದ ಕಡೆಗೆ ಏರುತ್ತಲೇ ಇರುತ್ತದೆ. ಅಷ್ಟಮಿಯಂದು ಭರತವು ಬೆಳಗಿನ ಜಾವಕ್ಕೂ ಸಂಜೆಗೂ ಬೀಳುತ್ತದೆಯಾದರೂ ಆ ದಿನಗಳಲ್ಲಿ ನೀರಿನ ಏರಿಳಿತವೇ ಕಡಿಮೆ: ಹುಣ್ಣಿಮೆ-ಅಮಾವಾಸ್ಯೆಗಳ ಸಮಯದಲ್ಲಿ ಸುಮಾರು 2 ಮೀಟರಿನಷ್ಟು ಏರಿಳಿಯುವ ನೀರು ಅಷ್ಟಮಿಯ ಸುಮಾರಿಗೆ ಅದರ ಅರ್ಧದಷ್ಟೂ ಅಲುಗುವುದಿಲ್ಲ. ನೀರು ಅಲುಗದ ದಿನ ಮೀನಿನ ಹಸಿವೂ ಮಂದವಾಗಿರುತ್ತದೆ. ಈ ಲೆಕ್ಕದಲ್ಲಿ ಅರ್ಧ-ಮುಕ್ಕಾಲು ಗಂಟೆಯ ವ್ಯತ್ಯಾಸ ಸಹಜ, ಮತ್ತು ದಿನದ ಎರಡು ಭರತಗಳು ಒಂದೇ ಎತ್ತರದವಾಗಿರುವುದಿಲ್ಲ. ಆದ್ದರಿಂದ ಹೊರಡುವ ಮುನ್ನ ಭಾರತೀಯ ಸರ್ವೇಕ್ಷಣಾ ಇಲಾಖೆಯ ಕೋಷ್ಟಕದಲ್ಲೋ ಫೋನಿನ ಯಾವುದಾದರೂ ಭರತ-ಇಳಿತದ ಆ್ಯಪ್‌ನಲ್ಲೋ ಮರ್ಮಗೋವಾ ಬಂದರಿನ ಅಂಕಿಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಎಲ್ಲವನ್ನೂ ಒರೆಗೆ ಹಚ್ಚಿ ನೋಡಿದ ಮೇಲೆ ನಾನು ಕೊಡುವ ಸಲಹೆ ಇಷ್ಟು: ಏಕಾದಶಿಯಿಂದ ತ್ರಯೋದಶಿಯವರೆಗಿನ ಮೂರು ದಿನಗಳಲ್ಲಿ, ಬೆಳಕು ಹರಿಯುವ ಮುನ್ನ ನೀರಿಗೆ ದಾರ ಬಿಟ್ಟು, ಭರತ ತುಂಬಿದ ಅರ್ಧ ಗಂಟೆಯ ನಂತರ ಎದ್ದು ಬನ್ನಿ. ಆ ದಿನಗಳ ಸಂಜೆಗೂ ಇದೇ ಲೆಕ್ಕ ಹೊಂದುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಮೂರು-ನಾಲ್ಕು ದಿನಗಳಲ್ಲಿ ಇದು ತಿರುವುಮುರುವಾಗಿ ಬೆಳಿಗ್ಗೆಯೂ ಸಂಜೆಯೂ ನೀರು ಇಳಿಯುತ್ತಿರುತ್ತದೆ. ಆಗ ತೆರೆದ ತೀರವನ್ನು ಬಿಟ್ಟು ಹಳ್ಳಗಳು ಕೊಲ್ಲಿಗೆ ಸೇರುವ ಬಾಯಿಗಳಿಗೆ ಹೋಗಬೇಕು. ಈ ಹವ್ಯಾಸದಲ್ಲಿ ನನಗೊಂದು ಸಂಕಟವೂ ಇದೆ. ನಮ್ಮ ಮನೆಯಾಕೆ ಏಕಾದಶಿ ಹಿಡಿಯುವವಳಾದ್ದರಿಂದ ವರ್ಷದ ಅತ್ಯುತ್ತಮ ಬೆಳಗುಗಳಲ್ಲಿ ಸಿಕ್ಕ ಮೀನು ನಮ್ಮ ಹೊಸ್ತಿಲು ದಾಟದೆ ಎದುರುಮನೆಯ ಕಾರವಾರದವರ ಪಾಲಾಗುತ್ತದೆ.

ಶರದೃತುವೇ ಏಕೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ನೂಲು ಹುಣ್ಣಿಮೆಯಂದು ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಹೊಸ ಹಂಗಾಮು ಆರಂಭಿಸುತ್ತಾರೆ. ಆದರೆ ದಡದಿಂದ ಗಾಳ ಹಾಕುವವನಿಗೆ ಅಷ್ಟು ಬೇಗ ಲಾಭವಿಲ್ಲ. ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಜುವಾರಿಯು ಘಟ್ಟದ ಕೆಂಪು ಮಣ್ಣನ್ನು ಹೊತ್ತು ತರುತ್ತಿರುತ್ತದೆ. ಕೊಲ್ಲಿಯ ಮೇಲ್ಪದರವು ಬಹುಪಾಲು ಸಿಹಿನೀರಾಗಿ, ಕಣ್ಣಿನಿಂದ ಬೇಟೆಯಾಡುವ ಮೀನುಗಳಿಗೆ ಎರೆಯೇ ಕಾಣುವುದಿಲ್ಲ. ಅಕ್ಟೋಬರ್ ಮಧ್ಯದ ಹೊತ್ತಿಗೆ ಮುಂಗಾರು ಗೋವಾದಿಂದ ಹಿಂದೆ ಸರಿಯುತ್ತದೆ, ಉಪ್ಪುನೀರು ಮತ್ತೆ ನದಿಯೊಳಕ್ಕೆ ಏರತೊಡಗುತ್ತದೆ, ಅದರ ಬೆನ್ನಿಗೆ ಸಿಗಡಿಯ ಮರಿಗಳೂ ಸಣ್ಣ ಮೀನಿನ ಹಿಂಡುಗಳೂ ಕೊಲ್ಲಿಯನ್ನು ತುಂಬುತ್ತವೆ. ದೊಡ್ಡ ಮೀನುಗಳು ದಡಕ್ಕೆ ಬರುವುದು ಇವುಗಳನ್ನು ಅಟ್ಟಿಕೊಂಡೇ. ದಸರೆಯಿಂದ ಕಾರ್ತಿಕದ ಹುಣ್ಣಿಮೆಯವರೆಗಿನ ಅವಧಿಯನ್ನು ನಾನು ಈ ಕಾರಣಕ್ಕಾಗಿ ವರ್ಷದ ಮೊದಲ ಹಂಗಾಮು ಎಂದು ಎಣಿಸುತ್ತೇನೆ. ನವೆಂಬರ್ ಕೊನೆಯ ಹೊತ್ತಿಗೆ ನೀರು ಗಾಜಿನಷ್ಟು ತಿಳಿಯಾಗುತ್ತ ಬಂದು, ದಪ್ಪ ದಾರವನ್ನು ಕಂಡು ಮೀನು ಹಿಂಜರಿಯುವ ದಿನಗಳು ಶುರುವಾಗುತ್ತವೆ.

ಇದೇ ತಿಂಗಳುಗಳಲ್ಲಿ ಹೊರಸಮುದ್ರದ ತಳದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುವ ವಿದ್ಯಮಾನವೊಂದಿದೆ. ಆಳದಿಂದ ಮೇಲಕ್ಕೆ ಒತ್ತಿ ಬರುವ ತಣ್ಣನೆಯ ನೀರು ಮಳೆಗಾಲದ ಸಿಹಿನೀರಿನ ಪದರದ ಕೆಳಗೆ ಸಿಕ್ಕಿಹಾಕಿಕೊಳ್ಳುವುದರಿಂದ ಹೀಗಾಗುತ್ತದೆ ಎಂಬುದನ್ನು ದೋನಾ ಪಾವ್ಲಾದಲ್ಲೇ ಇರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಅಕ್ಟೋಬರ್ ಆರಂಭದಲ್ಲಿ ದೋಣಿ ಬಾಡಿಗೆಗೆ ಹಿಡಿದು ಹೊರಗಿನ ಆಳಕ್ಕೆ ಹೋದಾಗಲೆಲ್ಲ ತಳದಲ್ಲಿ ಬಿಟ್ಟ ಎರೆಯನ್ನು ಯಾವ ಮೀನೂ ಮೂಸದಿದ್ದುದನ್ನು ನಾನು ಕಂಡಿದ್ದೇನೆ. ಆ ತಿಂಗಳಲ್ಲಿ ದಡವೇ ಮೇಲು, ಹಣವೂ ಉಳಿಯುತ್ತದೆ.

ಜಾಗ

ರಾಜ್ಯಪಾಲರ ನಿವಾಸವಿರುವ ಕಾಬೊ ಭೂಶಿರವು ಎರಡು ಕೊಲ್ಲಿಗಳನ್ನು ಬೇರ್ಪಡಿಸುತ್ತದೆ: ಉತ್ತರಕ್ಕೆ ಮಾಂಡೋವಿ ಸೇರುವ ಅಗ್ವಾದ ಕೊಲ್ಲಿ, ದಕ್ಷಿಣಕ್ಕೆ ಜುವಾರಿ ಸೇರುವ ಮರ್ಮಗೋವಾ ಕೊಲ್ಲಿ. ನಾನು ಬಲ್ಲದ್ದು ಎರಡನೆಯದನ್ನು. ಇದರ ಉತ್ತರ ದಡದಲ್ಲಿ ದೋನಾ ಪಾವ್ಲಾ, ಬಾಂಬೋಳಿ, ಸಿರಿದಾವ್, ಆಗಶಿ ಇವೆ. ದಕ್ಷಿಣ ದಡದಲ್ಲಿ ಮರ್ಮಗೋವಾ ಬಂದರು, ವಾಸ್ಕೋ, ಚಿಖಲಿ, ಸಾಂಕ್ವಾಳ, ಕುಠ್ಠಾಳಿ ಇವೆ. ವಾಸ್ಕೋದ ನಮ್ಮ ಜನರಿಗೆ ಹತ್ತಿರವಾದ ಬಾಯ್ನಾ ಈ ಕೊಲ್ಲಿಯ ಒಳಗಿಲ್ಲ. ಅದು ಪಶ್ಚಿಮಕ್ಕೆ ತೆರೆದುಕೊಂಡ ಪ್ರತ್ಯೇಕ ಸಣ್ಣ ಕೊಲ್ಲಿಯಾದ್ದರಿಂದ ಅಲ್ಲಿ ಅಲೆಯ ಹೊಡೆತ ಹೆಚ್ಚು.

ಹೊಸಬರು ಸಿರಿದಾವ್ ಅಥವಾ ಬಾಂಬೋಳಿಯಂತಹ, ಇಳಿಜಾರು ಕಡಿಮೆಯಿರುವ ಮರಳು ತೀರದಿಂದ ಆರಂಭಿಸುವುದು ಕ್ಷೇಮ. ಆದರೆ ಮರಳು ತೀರವೆಂದರೆ ಎಲ್ಲೆಂದರಲ್ಲಿ ದಾರ ಎಸೆಯುವುದಲ್ಲ. ಪೂರ್ತಿ ಇಳಿತದ ಹೊತ್ತಿನಲ್ಲಿ ಒಂದು ದಿನ ಗಾಳವಿಲ್ಲದೆ ಬರಿಗೈಯಲ್ಲಿ ಹೋಗಿ, ನೀರು ಹಿಂದೆ ಸರಿದಾಗ ಬಯಲಾಗುವ ನೆಲವನ್ನು ನೋಡಿ ಬನ್ನಿ. ಎಲ್ಲಿ ಗುಂಡಿಯಿದೆ, ಎಲ್ಲಿ ಕಾಲುವೆಯಂತೆ ನೀರು ಹರಿದ ಗುರುತಿದೆ, ಎಲ್ಲಿ ಬಂಡೆಯ ಸಾಲು ಮರಳಿನೊಳಗಿಂದ ತಲೆಯೆತ್ತಿದೆ ಎಂಬುದನ್ನು ದಡದ ತೆಂಗಿನ ಮರವನ್ನೋ ಮನೆಯನ್ನೋ ಗುರುತಾಗಿಟ್ಟುಕೊಂಡು ನೆನಪಿನಲ್ಲಿಡಿ, ಸಾಧ್ಯವಾದರೆ ಫೋಟೋ ತೆಗೆದುಕೊಳ್ಳಿ. ಭರತ ಬಂದಾಗ ಮೀನು ಸಾಗುವುದು ಆ ಕಾಲುವೆಯಲ್ಲಿ, ಕಾದು ನಿಲ್ಲುವುದು ಆ ಗುಂಡಿಯ ಅಂಚಿನಲ್ಲಿ. ನಾನು ಮಾಡಿದ ಖರ್ಚುಗಳಲ್ಲೆಲ್ಲ ಅತ್ಯಂತ ಲಾಭ ತಂದುಕೊಟ್ಟದ್ದು ಆ ಒಂದು ದಿನದ ಬಸ್ ಚಾರ್ಜು.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಿನ ಹಳ್ಳದ ಬಾಯಿಗಳು ಚಿಖಲಿ, ಸಾಂಕ್ವಾಳ, ಕುಠ್ಠಾಳಿಯ ಕಡೆ ಸಿಗುತ್ತವೆ. ಇಲ್ಲಿ ಗೋವಾದ ಖಾಜನ್ ಗದ್ದೆಗಳ ಬಗ್ಗೆ ತಿಳಿದಿರಬೇಕು. ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು ಮಾಡಿದ ಈ ತಗ್ಗು ಗದ್ದೆಗಳಿಗೆ ‘ಮಾನೊಸ್’ ಎಂಬ ತೂಬಿನ ಬಾಗಿಲುಗಳಿರುತ್ತವೆ, ಇಳಿತದ ಹೊತ್ತಿನಲ್ಲಿ ಅವು ತೆರೆದಾಗ ಗದ್ದೆಯ ನೀರಿನೊಡನೆ ಸಿಗಡಿಯೂ ಮರಿಮೀನೂ ಹೊರಗೆ ಬೀಳುತ್ತವೆ. ದೊಡ್ಡ ಮೀನು ಹೊರಗಡೆ ಬಾಯ್ದೆರೆದು ಕಾದಿರುತ್ತದೆ ಎಂಬುದು ನಿಜವಾದರೂ ತೂಬಿನ ಬಾಯಲ್ಲಿ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುವ ಪದ್ಧತಿ ಇಲ್ಲಿದೆ. ಹಣ ಕೊಟ್ಟು ಹಕ್ಕು ಪಡೆದವರ ಬಾಗಿಲಲ್ಲಿ ಕೇಳದೆ ಗಾಳ ಹಾಕುವುದು, ಪರರ ಹೊಲದ ಕಡಲೆಗಿಡ ಕೀಳುವುದಕ್ಕೆ ಸಮ. ಅನುಮತಿ ಕೇಳಿ, ಇಲ್ಲವೇ ನೂರಿನ್ನೂರು ಮೀಟರ್ ಕೆಳಕ್ಕೆ, ಹಳ್ಳವು ಕೊಲ್ಲಿಗೆ ತೆರೆಯುವಲ್ಲಿ ನಿಲ್ಲಿ.

ಮರ್ಮಗೋವಾ ಬಂದರಿನ ಧಕ್ಕೆಗಳೂ ನೌಕಾಪಡೆಯ ಜಾಗಗಳೂ ನಿಷಿದ್ಧ ಪ್ರದೇಶಗಳು. ಅಲ್ಲಿ ಮೀನು ಎಷ್ಟೇ ಕುಣಿಯುತ್ತಿದ್ದರೂ ಬೇಲಿಯ ಹತ್ತಿರ ಸುಳಿಯಬೇಡಿ.

ಸಲಕರಣೆ

ಕೈಗಾಳದಿಂದ ಆರಂಭಿಸಿದರೆ ನೂರಿನ್ನೂರು ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ. ಕರಾವಳಿಯವರು ತಂಗೂಸು ಎನ್ನುವ ನೈಲಾನ್ ದಾರವನ್ನು 50-60 ಮೀಟರ್ ಕೊಂಡು, ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಸುತ್ತಿ, ತುದಿಗೆ ಸೀಸದ ಗುಂಡು ಮತ್ತು ಕೊಕ್ಕೆ ಕಟ್ಟಿದರೆ ಆಯಿತು. ಧಕ್ಕೆಯ ಮೇಲಿಂದಲೋ ಬಂಡೆಯ ಮೇಲಿಂದಲೋ ನೇರವಾಗಿ ಕೆಳಕ್ಕೆ ಬಿಡಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ, ಮೀನಿನ ಮುಟ್ಟುವಿಕೆ ಬೆರಳಿಗೇ ತಿಳಿಯುತ್ತದೆ. ಮರಳು ತೀರದಿಂದ ದೂರಕ್ಕೆ ಎಸೆಯಬೇಕಾದರೆ ಮಾತ್ರ ಕೋಲು ಮತ್ತು ರೀಲು ಬೇಕು. ಎಂಟರಿಂದ ಹತ್ತು ಅಡಿಯ ಕೋಲು, 4000 ಅಳತೆಯ ಸ್ಪಿನ್ನಿಂಗ್ ರೀಲು, ಅದಕ್ಕೆ 0.30ರಿಂದ 0.35 ಮಿಲಿಮೀಟರ್ ದಪ್ಪದ ದಾರ ಸಾಕು. ಅಂಗಡಿಯವನು ದುಬಾರಿ ಕಾರ್ಬನ್ ಕೋಲನ್ನು ಹೊಗಳಿದರೂ ಮೊದಲ ವರ್ಷ ಫೈಬರ್ ಗ್ಲಾಸಿನದ್ದನ್ನೇ ತೆಗೆದುಕೊಳ್ಳಿ. ಬಂಡೆಗೆ ಬಡಿದರೂ ಅದು ಸುಲಭಕ್ಕೆ ಮುರಿಯುವುದಿಲ್ಲ.

ಕಟ್ಟುವ ಕ್ರಮದಲ್ಲಿ ಒಂದೇ ಒಂದನ್ನು ಚೆನ್ನಾಗಿ ಕಲಿತರೆ ಈ ಕೊಲ್ಲಿಯ ಮುಕ್ಕಾಲು ಭಾಗದ ಕೆಲಸ ನಡೆಯುತ್ತದೆ. ನಡುವೆ ತೂತಿರುವ 20ರಿಂದ 50 ಗ್ರಾಮಿನ ಸೀಸವನ್ನು ಮುಖ್ಯ ದಾರಕ್ಕೆ ಪೋಣಿಸಿ, ಅದರ ಕೆಳಗೆ ಒಂದು ಮಣಿ ಪೋಣಿಸಿ, ದಾರದ ತುದಿಗೆ ಸ್ವಿವೆಲ್ ಎಂಬ ತಿರುಗುವ ಕೊಂಡಿ ಕಟ್ಟಿ. ಸ್ವಿವೆಲ್ಲಿನ ಇನ್ನೊಂದು ಕಣ್ಣಿಗೆ ಮೊಳದುದ್ದದ ತುಂಡು ದಾರ, ಅದರ ತುದಿಗೆ ಕೊಕ್ಕೆ. ಸೀಸವು ದಾರದ ಮೇಲೆ ಜಾರುತ್ತಿರುವುದರಿಂದ ಮೀನು ಎರೆಯನ್ನು ಎಳೆದಾಗ ಅದಕ್ಕೆ ಭಾರದ ಅರಿವಾಗುವುದಿಲ್ಲ, ನಿಮಗೆ ಮಾತ್ರ ಎಳೆತ ನೇರವಾಗಿ ತಿಳಿಯುತ್ತದೆ. ಗಂಟು ಹಾಕುವಾಗ ದಾರವನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಿ, ಅದೇ ದಾರಕ್ಕೆ ಐದಾರು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಬಳಿ ಉಳಿದ ಸಣ್ಣ ಕುಣಿಕೆಯೊಳಗೆ ಹಾಯಿಸಿ, ಬಿಗಿಯುವ ಮುನ್ನ ಎಂಜಲು ಹಚ್ಚಿ. ಒಣಗಿದ ದಾರವನ್ನು ಹಾಗೆಯೇ ಬಿಗಿದರೆ ಉಜ್ಜಿದ ಬಿಸಿಗೆ ನೈಲಾನು ಸೊರಗುತ್ತದೆ. ಎಷ್ಟೋ ಮಂದಿ ದೊಡ್ಡ ಮೀನು ದಾರ ಕಡಿದುಕೊಂಡು ಹೋಯಿತೆಂದು ಹೇಳಿಕೊಂಡು ತಿರುಗುತ್ತಾರೆ, ಆದರೆ ದಾರದ ತುದಿ ಸ್ಪ್ರಿಂಗಿನಂತೆ ಸುರುಳಿಯಾಗಿದ್ದರೆ ಅದು ಕಡಿದದ್ದಲ್ಲ, ಗಂಟು ಬಿಚ್ಚಿಕೊಂಡದ್ದು.

ಎರೆ ಮತ್ತು ಮೀನು

ಮರಳು ತೀರದ ಮೊದಲ ಗುರಿ ಕಾಣೆ ಮೀನು. ಗೋವಾದವರು ಇದನ್ನು ಮುಡ್ದೊಶಿ ಎನ್ನುತ್ತಾರೆ. ಸಣ್ಣ ಬಾಯಿಯ, ನೆಲದಲ್ಲಿ ಹುಳ ಹೆಕ್ಕಿ ತಿನ್ನುವ ಈ ಮೀನಿಗೆ 8ನೆಯ ನಂಬರಿನ ಸಣ್ಣ ಕೊಕ್ಕೆ ಬೇಕು. ಸಿಪ್ಪೆ ಸುಲಿದ ಸಿಗಡಿಯ ಬೆರಳುಗುರಿನಷ್ಟು ತುಂಡು ಸಾಕು. ಎಸೆದು ಸುಮ್ಮನೆ ಕೂರದೆ, ಸೀಸವು ತಳ ಮುಟ್ಟಿದ ಮೇಲೆ ನಿಧಾನವಾಗಿ ಒಂದೆರಡು ಗೇಣು ಎಳೆದು ನಿಲ್ಲಿಸಿ, ಮತ್ತೆ ಎಳೆದು ನಿಲ್ಲಿಸಿ. ಸೀಸವು ಮರಳಿನಲ್ಲಿ ಎಬ್ಬಿಸುವ ಸಣ್ಣ ಧೂಳು ಕಾಣೆಯನ್ನು ಕರೆಯುತ್ತದೆ. ಒಂದು ಸಿಕ್ಕ ಜಾಗದಲ್ಲಿ ಇನ್ನೂ ನಾಲ್ಕು ಇದ್ದೇ ಇರುತ್ತವೆ.

ಶೆವ್ಟೊ (ಮಲ್ಲೆಟ್) ಎಂಬ ಮೀನು ನಮ್ಮ ಕೆರೆಯ ವಿದ್ಯೆ ನೇರವಾಗಿ ಫಲಿಸುವ ಒಂದೇ ಒಂದು ಮೀನು. ಇದು ಪಾಚಿ ಮತ್ತು ಕೆಸರಿನ ಮೇಲಿನ ಪದರವನ್ನು ಮೇಯುವಂಥದ್ದಾದ್ದರಿಂದ ಮಾಂಸದ ಎರೆಗೆ ಬರುವುದು ಅಪರೂಪ. ಗೋಧಿ ಹಿಟ್ಟು ಮತ್ತು ಬ್ರೆಡ್ ಕಲಸಿದ ಮೆತ್ತನೆಯ ಉಂಡೆಯನ್ನು ಬೆಂಡಿನ ಕೆಳಗೆ ಒಂದೆರಡು ಅಡಿ ಆಳಕ್ಕೆ ಬಿಟ್ಟರೆ ಬರುತ್ತದೆ. ಆದರೆ ಬೆಂಡು ಮುಳುಗುವವರೆಗೆ ಕಾಯಬಾರದು. ಬೆಂಡು ನಡುಗಿದ ಕೂಡಲೇ ಮಣಿಕಟ್ಟನ್ನು ಮೇಲಕ್ಕೆತ್ತಬೇಕು.

ಬಂಡೆಗಳ ಸಂದಿಯಲ್ಲಿ ಗೋಬ್ರೊ (ಗ್ರೂಪರ್) ಮತ್ತು ತಾಂಬೊಸೊ (ಕೆಂಪು ಸ್ನ್ಯಾಪರ್) ಮೀನುಗಳು ಇರುತ್ತವೆ. ಇವೆರಡೂ ಎರೆ ಕಚ್ಚಿದ ಮರುಕ್ಷಣ ಕಲ್ಲಿನ ಸಂದಿಗೆ ಓಡುತ್ತವೆ, ಆದ್ದರಿಂದ ಇಲ್ಲಿ ದಾರ ಸಡಿಲ ಬಿಟ್ಟು ಆಡಿಸುವ ನಾಜೂಕು ಬೇಡ, 0.50 ಮಿಲಿಮೀಟರಿನ ದಾರ ಹಾಕಿ, ಮೊದಲ ಎರಡು ಮೀಟರು ಬಲವಾಗಿ ಎಳೆದು ಬಂಡೆಯಿಂದ ಬಿಡಿಸಿಕೊಳ್ಳಿ. ಎರೆಗೆ ತಾರ್ಲೆಯ (ಭೂತಾಯಿ ಮೀನಿನ) ತುಂಡು ಅಥವಾ ಬೊಂಡಾಸಿನ (ಸ್ಕ್ವಿಡ್‌ನ) ಪಟ್ಟಿ ಒಳ್ಳೆಯದು. ತಾರ್ಲೆ ಬಲು ಮೆತ್ತಗಿನ ಮೀನು, ಎಸೆತಕ್ಕೇ ಕೊಕ್ಕೆಯಿಂದ ಹಾರಿಹೋಗುತ್ತದೆ. ಹಿಂದಿನ ರಾತ್ರಿ ತುಂಡು ಮಾಡಿ ಕಲ್ಲುಪ್ಪಿನಲ್ಲಿ ಹೂತಿಟ್ಟರೆ ಬೆಳಿಗ್ಗೆಗೆ ಗಟ್ಟಿಯಾಗಿ ನಿಲ್ಲುತ್ತದೆ.

ಇನ್ನು ಚೊಣಕ್, ಎಂದರೆ ಸೀಬಾಸ್. ಗೋವಾದಲ್ಲಿ ಗಾಳ ಹಿಡಿದವರೆಲ್ಲರ ಕನಸಿನ ಮೀನು ಇದೇ. ಇದರ ಬದುಕಿನ ಕ್ರಮವನ್ನು ತಿಳಿದರೆ ಹಿಡಿಯುವ ಜಾಗವೂ ತಿಳಿಯುತ್ತದೆ. ಚೊಣಕ್ ಮಳೆಗಾಲದಲ್ಲಿ ನದಿಯ ಬಾಯಲ್ಲಿ ಮೊಟ್ಟೆಯಿಡುತ್ತದೆ, ಮರಿಗಳು ಹಳ್ಳ, ಕಾಂಡ್ಲಾ ಮತ್ತು ಖಾಜನ್‌ಗಳೊಳಗೆ ಸೇರಿ ಬೆಳೆಯುತ್ತವೆ. ಇನ್ನೂ ವಿಚಿತ್ರವೆಂದರೆ ಇದು ಮೊದಲು ಗಂಡಾಗಿ ಬಲಿತು, ವರ್ಷಗಳ ನಂತರ ಗಾತ್ರ ಹೆಚ್ಚಿದಾಗ ಹೆಣ್ಣಾಗಿ ಬದಲಾಗುವ ಮೀನು. ಎಂದರೆ ನಾವು ಫೋಟೋ ತೆಗೆಸಿಕೊಳ್ಳಲು ಹಾತೊರೆಯುವ ದೊಡ್ಡ ಮೀನುಗಳು ಬಹುತೇಕ ಮೊಟ್ಟೆಯಿಡುವ ತಾಯಂದಿರು. ಐದಾರು ಕಿಲೋ ಮೀರಿದ್ದನ್ನು ನಾನು ನೀರಿನಲ್ಲೇ ಕೊಕ್ಕೆ ಬಿಡಿಸಿ ಬಿಡುತ್ತೇನೆ. ನನ್ನ ಗೆಳೆಯರು ಇದನ್ನು ಹುಚ್ಚುತನವೆನ್ನುತ್ತಾರೆ, ಅವರ ಮಾತಿಗೆ ನಾನು ವಾದ ಹೂಡುವುದಿಲ್ಲ.

ಚೊಣಕ್ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದಕ್ಕಿಂತ ಹೊಂಚಿ ನಿಲ್ಲುವುದೇ ಹೆಚ್ಚು. ಹರಿವು ಬಂಡೆಗೋ ಸೇತುವೆಯ ಕಂಬಕ್ಕೋ ಕಾಂಡ್ಲಾದ ಬೇರಿಗೋ ಬಡಿದು ಎರಡಾಗಿ ಸೀಳುವಲ್ಲಿ, ನೀರು ಸುಮ್ಮನಿರುವ ನೆರಳಿನ ಬದಿಯಲ್ಲಿ ಅದು ನಿಂತಿರುತ್ತದೆ. ಆದ್ದರಿಂದ ಎರೆಯನ್ನು ಅದರ ತಲೆಯ ಮೇಲೆ ಎಸೆಯದೆ, ಹರಿವಿನ ಮೇಲ್ಭಾಗಕ್ಕೆ ಎಸೆದು ನೀರೇ ಅದನ್ನು ಮೀನಿನ ಮುಂದಕ್ಕೆ ಒಯ್ಯುವಂತೆ ಬಿಡಬೇಕು. ಜೀವಂತ ಸಿಗಡಿ ಇದಕ್ಕೆ ಅತ್ಯುತ್ತಮ ಎರೆ. ಸಿಗಡಿಯ ತಲೆಯ ಕೊಂಬಿನ ಬುಡದಲ್ಲಿ, ಒಳಗೆ ಕಾಣುವ ಕಪ್ಪು ಚುಕ್ಕೆಯನ್ನು ತಪ್ಪಿಸಿ 2/0 ಅಳತೆಯ ಕೊಕ್ಕೆ ಚುಚ್ಚಿದರೆ ಅದು ಬಹಳ ಹೊತ್ತು ಬದುಕಿದ್ದು ಹಾರುತ್ತಿರುತ್ತದೆ. ಆ ಚುಕ್ಕೆಗೆ ತಗುಲಿದರೆ ಕೂಡಲೇ ಸಾಯುತ್ತದೆ. ಸಿಗಡಿಗಳನ್ನು ಕೊಲ್ಲಿಯದೇ ನೀರು ತುಂಬಿದ ಬಕೆಟ್ಟಿನಲ್ಲಿಟ್ಟು, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಲ್ಯೂರ್ ಎಂಬ ಹುಸಿ ಮೀನನ್ನು ಬಳಸುವವರು ಇಳಿಬೆಳಕಿನಲ್ಲಿ, ನೀರು ತಿಳಿಯಾಗಿರುವ ನವೆಂಬರಿನಲ್ಲಿ ಪ್ರಯತ್ನಿಸಬಹುದು. ಕದಡಿದ ಅಕ್ಟೋಬರಿಗೆ ಜೀವಂತ ಎರೆಯೇ ಸರಿ.

ಕಚ್ಚಿದ ಚೊಣಕ್ ನೀರಿನಿಂದ ಪೂರ್ತಿ ಮೇಲಕ್ಕೆ ಜಿಗಿದು ತಲೆ ಕೊಡವುತ್ತದೆ. ಆ ಕ್ಷಣ ಕೋಲನ್ನು ಆಕಾಶಕ್ಕೆ ಎತ್ತಿದರೆ ಕೊಕ್ಕೆ ಕಳಚುತ್ತದೆ. ಕೋಲಿನ ತುದಿಯನ್ನು ನೀರಿನ ಕಡೆಗೆ ಬಾಗಿಸಿ ದಾರವನ್ನು ಮಾತ್ರ ಬಿಗಿಯಾಗಿಟ್ಟುಕೊಳ್ಳಿ. ಅದರ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತಿರುವುದರಿಂದ ಕೊನೆಯ ಮೊಳದುದ್ದದ ದಾರ 0.60 ಮಿಲಿಮೀಟರಿಗಿಂತ ಕಡಿಮೆಯಿರಬಾರದು, ಕಿವಿರಿನೊಳಗೆ ಬೆರಳು ತೂರಿಸಿ ಎತ್ತಲೂಬಾರದು. ಬಲೆಚೀಲ ಇಲ್ಲದಿದ್ದರೆ ಅಲೆಯ ಜೊತೆಗೇ ಅದನ್ನು ಮರಳಿನ ಮೇಲಕ್ಕೆ ಜಾರಿಸಿಕೊಳ್ಳಿ.

ಬೇಡದ ಮೀನುಗಳೂ ಬರುತ್ತವೆ. ಮೀಸೆಯ ಸಾಂಗಟ್ ಮೀನಿಗೆ ಬೆನ್ನಿನ ಮೇಲೆ ಒಂದು, ಎರಡು ಪಕ್ಕೆಗಳಲ್ಲಿ ಒಂದೊಂದು ವಿಷದ ಮುಳ್ಳಿರುತ್ತದೆ. ಇಕ್ಕಳದಿಂದಲೇ ಕೊಕ್ಕೆ ಬಿಡಿಸಿ. ಚುಚ್ಚಿದರೆ ತಡೆದುಕೊಳ್ಳಬಹುದಾದಷ್ಟು ಬಿಸಿಯ, ಎಂದರೆ ಸುಮಾರು 45 ಡಿಗ್ರಿ ನೀರಿನಲ್ಲಿ ಆ ಭಾಗವನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು ಮುಳುಗಿಸಿಟ್ಟರೆ ನೋವು ಇಳಿಯುತ್ತದೆ, ಮುಳ್ಳಿನ ಚೂರು ಒಳಗೆ ಮುರಿದಿದ್ದರೆ ವೈದ್ಯರ ಬಳಿಗೆ ಹೋಗಲೇಬೇಕು. ನಾನು ಚಹಾದ ಫ್ಲಾಸ್ಕಿನ ಜೊತೆ ಬಿಸಿನೀರಿನ ಇನ್ನೊಂದು ಫ್ಲಾಸ್ಕ್ ಒಯ್ಯುವುದು ಇದೇ ಕಾರಣಕ್ಕೆ. ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆಯ ತೊರಕೆ ಮೀನು ಮರಳಿನಲ್ಲಿ ಹೂತುಕೊಂಡು ಮಲಗಿರುತ್ತದೆ. ಮೊಣಕಾಲು ನೀರಿನಲ್ಲಿ ನಡೆಯುವಾಗ ಹೆಜ್ಜೆ ಎತ್ತಿಡದೆ ಕಾಲನ್ನು ನೆಲಕ್ಕೆ ಎಳೆಯುತ್ತ ಸಾಗಿದರೆ ಅದು ಸದ್ದಿಗೆ ಸರಿದುಹೋಗುತ್ತದೆ. ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುವ ಮೀನು ಸಿಕ್ಕರೆ ಅದನ್ನು ತಿನ್ನುವ ಯೋಚನೆಯೇ ಬೇಡ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ನೀರಿನ ಅಪಾಯ

ಭರತವು ಆರು ಗಂಟೆಗಳಲ್ಲಿ ಒಂದೇ ಸಮನೆ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡನೆಯ ಒಂದು ಪಾಲು, ಎರಡನೆಯ ಗಂಟೆಯಲ್ಲಿ ಎರಡು ಪಾಲು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು, ನಂತರ ಮತ್ತೆ ಎರಡು, ಕೊನೆಗೆ ಒಂದು ಎಂದು ನಾವಿಕರು ಲೆಕ್ಕ ಹಾಕುತ್ತಾರೆ. 2 ಮೀಟರಿನ ಭರತದಲ್ಲಿ ಮೊದಲ ಗಂಟೆಗೆ ಗೇಣಿಗಿಂತಲೂ ಕಡಿಮೆ ಏರಿದ ನೀರು ಮೂರನೆಯ ಗಂಟೆಯಲ್ಲಿ ಅರ್ಧ ಮೀಟರ್ ಏರುತ್ತದೆ. ಇದನ್ನು ಅರಿಯದ ನಾನು ಒಮ್ಮೆ ದಡದಿಂದ ನಲವತ್ತು ಹೆಜ್ಜೆ ದೂರದ ಜಂಬಿಟ್ಟಿಗೆ ಬಂಡೆಯ ಮೇಲೆ ಸುಖವಾಗಿ ಕುಳಿತಿದ್ದೆ. ಮುಂದಿನ ನೀರನ್ನೇ ನೋಡುತ್ತಿದ್ದುದರಿಂದ ಬೆನ್ನ ಹಿಂದಿನ ತಗ್ಗು ತುಂಬಿದ್ದು ತಿಳಿಯಲಿಲ್ಲ. ಎದೆಮಟ್ಟದ ನೀರಿನಲ್ಲಿ ರೀಲನ್ನು ತಲೆಯ ಮೇಲೆ ಹೊತ್ತು ದಡ ಸೇರುವಷ್ಟರಲ್ಲಿ ಕಲ್ಲಿಗಂಟಿದ ಸಿಂಪಿಗಳಿಂದ ಎರಡೂ ಮೊಣಕಾಲು ಹರಿದಿದ್ದವು. ಅಂದಿನಿಂದ ಬಂಡೆಗೆ ಹೋಗುವ ದಾರಿಯಲ್ಲಿ ಒಂದು ಕಲ್ಲನ್ನು ಗುರುತು ಮಾಡಿಕೊಂಡು, ಅದು ಮುಳುಗುವ ಮುನ್ನವೇ ಎದ್ದುಬರುತ್ತೇನೆ.

ಬಂಡೆಯ ಮೇಲೆ ನಿಲ್ಲುವ ಮುನ್ನ ಕಾಲು ಗಂಟೆ ದೂರದಲ್ಲಿ ನಿಂತು ಅಲೆಗಳನ್ನು ನೋಡಿ. ಒಣಗಿದ, ಪಾಚಿಯಿಲ್ಲದ ಕಲ್ಲಿನವರೆಗೆ ಮಾತ್ರ ಹೋಗಿ. ಒದ್ದೆ ಕಲ್ಲೆಂದರೆ ಅಲೆ ಅಲ್ಲಿಗೆ ಬಂದುಹೋಗಿದೆ ಎಂದೇ ಅರ್ಥ. ಆಕಾಶ ಶುಭ್ರವಾಗಿದ್ದರೂ ದೂರದ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಳ ನಂತರ ಇಲ್ಲಿಗೆ ತಲುಪುವುದುಂಟು. ಅವುಗಳ ಮುನ್ನೆಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಹೊರಡಿಸುತ್ತದೆ. ಅಕ್ಟೋಬರ್-ನವೆಂಬರ್ ಅರಬ್ಬೀ ಸಮುದ್ರದ ಚಂಡಮಾರುತಗಳ ಕಾಲವೂ ಹೌದು. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್, 2009ರ ನವೆಂಬರಿನಲ್ಲಿ ಫಯಾನ್ ಬಂದದ್ದು ಇದೇ ಋತುವಿನಲ್ಲಿ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಟ್ಟ ದಿನ ದಡದ ಗಾಳದವರಿಗೂ ಅದು ಅನ್ವಯಿಸುತ್ತದೆ. ಅಕ್ಟೋಬರಿನ ಮಧ್ಯಾಹ್ನಗಳಲ್ಲಿ ಘಟ್ಟದ ಕಡೆಯಿಂದ ಗುಡುಗು ಬರುತ್ತದೆ. ಕಾರ್ಬನ್ ಕೋಲು ವಿದ್ಯುತ್ತನ್ನು ಹರಿಸುವ ವಸ್ತುವಾದ್ದರಿಂದ ಮೊದಲ ಗುಡುಗಿಗೇ ಕೋಲನ್ನು ಮಲಗಿಸಿ ದೂರ ಸರಿಯಿರಿ. ಒಬ್ಬರೇ ಹೋಗಬೇಡಿ. ಕರಾವಳಿ ಕಾವಲು ಪಡೆಯ 1554 ಮತ್ತು ತುರ್ತು ಸೇವೆಯ 112 ಸಂಖ್ಯೆಗಳನ್ನು ಫೋನಿನಲ್ಲಿ ಉಳಿಸಿಕೊಳ್ಳಿ.

ಊರಿನವರ ನಡುವೆ

ನಮಗೆ ಇದು ಭಾನುವಾರದ ಹವ್ಯಾಸ, ಇಲ್ಲಿನ ಮೀನುಗಾರರಾದ ಖಾರ್ವಿಗಳಿಗೆ ಅನ್ನ. ರಂಪಣಿ ಬಲೆಯನ್ನು ಎಳೆಯುತ್ತಿರುವ ತೀರದಲ್ಲಿ ಗಾಳ ಎಸೆಯಬೇಡಿ. ಬಲೆಗೆ ಸಿಕ್ಕ ಕೊಕ್ಕೆ ಅದನ್ನು ಎಳೆಯುವವರ ಅಂಗೈಯನ್ನು ಸೀಳುತ್ತದೆ. ಭರತಕ್ಕೆ ಭರ್ತಿ, ಇಳಿತಕ್ಕೆ ಸುಕ್ತಿ ಎಂಬ ಎರಡು ಕೊಂಕಣಿ ಮಾತು ಕಲಿತರೂ ಸಾಕು, ಮುರುಕು ಭಾಷೆಯಲ್ಲಿ ಕೇಳಿದವನಿಗೆ ಇವರು ಜಾಗ ತೋರಿಸದೆ ಕಳಿಸಿದ್ದನ್ನು ನಾನು ಕಂಡಿಲ್ಲ. ಚಿಖಲಿ ಮತ್ತು ಸಿರಿದಾವ್ ಕಡೆ ತೆಳುವಾದ, ಚಪ್ಪಟೆಯ, ಬೆಳಕು ಹಾಯುವ ಚಿಪ್ಪುಗಳು ಸಿಗುತ್ತವೆ. ಗೋವಾದ ಹಳೆಯ ಮನೆಗಳ ಕಿಟಕಿಗೆ ಗಾಜಿನ ಬದಲು ಕೂರಿಸುತ್ತಿದ್ದುದು ಇವನ್ನೇ. ಆ ಜೀವಿಯು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಎರೆಗೆಂದು ಕೀಳಬೇಡಿ. ತುಂಡಾದ ತಂಗೂಸನ್ನು ತೀರದಲ್ಲಿ ಬಿಟ್ಟು ಬರಬೇಡಿ, ಆಮೆ ಮತ್ತು ಹಕ್ಕಿಗಳ ಕಾಲಿಗೆ ಅದೇ ಉರುಳಾಗುತ್ತದೆ.

ಹಿಡಿದ ಮೇಲೆ

ತಿನ್ನಲು ಇಟ್ಟುಕೊಳ್ಳುವ ಮೀನನ್ನು ಕೂಡಲೇ ತಲೆಗೆ ಪೆಟ್ಟು ಕೊಟ್ಟು ಕೊಂದು, ಕಿವಿರಿನ ಬುಡ ಕೊಯ್ದು ರಕ್ತ ಹರಿಸಿ, ಪುಡಿಮಾಡಿದ ಮಂಜುಗಡ್ಡೆಯಲ್ಲಿ ಹೂತಿಡಿ. ಮೀನಿನಷ್ಟೇ ತೂಕದ ಮಂಜುಗಡ್ಡೆ ಬೇಕು. ಅಕ್ಟೋಬರಿನ ಸೆಕೆಯಲ್ಲಿ ಚೀಲದೊಳಗೆ ಹಾಗೆಯೇ ಇಟ್ಟ ಮೀನು ಬಸ್ಸಿಳಿಯುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಕಾಣೆಯನ್ನು ರವೆಯಲ್ಲಿ ಹೊರಳಿಸಿ ಹುರಿದು, ಜೋಳದ ರೊಟ್ಟಿಯೊಡನೆ ತಿನ್ನುವುದನ್ನು ಕಂಡು ಗೋವಾದ ನೆರೆಯವರು ನಗುತ್ತಾರೆ, ಒಮ್ಮೆ ತಿಂದ ಮೇಲೆ ರೊಟ್ಟಿ ಕೇಳಿಕೊಂಡು ಬರುತ್ತಾರೆ.

ಮನೆಗೆ ಬಂದ ದಿನವೇ ರೀಲನ್ನೂ ಕೋಲಿನ ಉಂಗುರಗಳನ್ನೂ ಸಿಹಿನೀರಿನ ತೆಳು ಧಾರೆಯಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ರಭಸದ ಧಾರೆ ಹಿಡಿದರೆ ಉಪ್ಪು ರೀಲಿನ ಒಳಕ್ಕೇ ಸೇರುತ್ತದೆ. ದಾರದ ಕೊನೆಯ ಎರಡು ಮೀಟರನ್ನು ಬೆರಳ ನಡುವೆ ಎಳೆದು ನೋಡಿ, ಒರಟಾಗಿದ್ದರೆ ಕತ್ತರಿಸಿ ಹಾಕಿ. ನಂತರ ಒಂದು ನೋಟ್ ಪುಸ್ತಕದಲ್ಲಿ ತಿಥಿ, ಭರತ ತುಂಬಿದ ಹೊತ್ತು, ಗಾಳಿಯ ದಿಕ್ಕು, ನೀರಿನ ಬಣ್ಣ, ಎರೆ, ಸಿಕ್ಕದ್ದು ಮತ್ತು ಸಿಕ್ಕ ಗಳಿಗೆಯನ್ನು ಬರೆದಿಡಿ. ಏನೂ ಸಿಗದ ದಿನವನ್ನು ತಪ್ಪದೆ ಬರೆಯಿರಿ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: ‘ಆಶ್ವಯುಜ ಶುದ್ಧ ದ್ವಾದಶಿ, ಸಿರಿದಾವ್, ಭರತ ಎಂಟೂವರೆ, ಗಾಳಿಯಿಲ್ಲ, ನೀರು ತುಸು ಮಬ್ಬು, ಸಿಗಡಿ ತುಂಡು, ಆರೂಮುಕ್ಕಾಲರಿಂದ ಎಂಟರೊಳಗೆ ಹನ್ನೊಂದು ಕಾಣೆ, ಎಂಟರ ನಂತರ ಬರೀ ಏಡಿ.’